ಒಂದೇ ಗೋತ್ರದ ಸರಕು

೨೦೦೪ನೇ ಇಸವಿ. ಆಗ ನಾನು ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ, ಗೋದಾಮುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಕಂಪನಿಯಲ್ಲಿ ಟೆಸ್ಟ್ ಮ್ಯಾನೇಜರ್ ಆಗಿದ್ದೆ. ಮನೆ ಸ್ಟಾಕ್‌ಪೋರ್ಟ್‌ನಲ್ಲಿ. ಬೆಳಿಗ್ಗೆ ರೈಲಿನಲ್ಲಿ ಪಿಕಡಿಲಿಗೆ ಬಂದು, ಅಲ್ಲಿಂದ ಟ್ರಾಮ್ ಹಿಡಿದು ಆಫೀಸು ಸೇರುತ್ತಿದ್ದೆ. ಟೆಸ್ಟ್ ಮ್ಯಾನೇಜರ್ ಎಂದರೆ ಬೇರೆಯವರು ಬರೆದ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿ ಅವರ ಶಾಪ ಕಟ್ಟಿಕೊಳ್ಳುವವಳು. ಗ್ರಾಹಕರಿಗೆ ಕೊಡುವ ಮುನ್ನ ಪ್ರತಿ ಸಾಫ್ಟ್‌ವೇರಿಗೂ ನನ್ನ ಸಹಿ ಬೀಳಬೇಕಿತ್ತು. ಇದಕ್ಕೆ ಸೈನ್-ಆಫ್ ಎನ್ನುತ್ತಾರೆ. ಆ ಸಹಿಯೊಂದು ಇಲ್ಲದಿದ್ದರೆ ನನ್ನನ್ನು ಆ ಆಫೀಸಿನಲ್ಲಿ ಯಾರೂ ಮಾತನಾಡಿಸುತ್ತಿರಲಿಲ್ಲವೇನೋ.

ನಮ್ಮ ದೊಡ್ಡ ಗ್ರಾಹಕರಲ್ಲಿ ನೆದರ್‌ಲೆಂಡ್ಸ್‌ನ ಒಂದು ವ್ಯಾಪಾರಿ ಸಂಸ್ಥೆಯಿತ್ತು. ರಜೆಯಲ್ಲಿ ಟೆಂಟು, ಕ್ಯಾರವಾನ್ ಎಂದು ಊರೂರು ತಿರುಗುವ ಇಂಗ್ಲಿಷರಿಗೆ ಬೇಕಾದ ಸಕಲ ಸಾಮಾನನ್ನೂ ಅವರು ಹಡಗಿನಲ್ಲಿ ಕಳಿಸುತ್ತಿದ್ದರು. ಸಾಮಾನು ಬಂದು ಇಳಿಯುತ್ತಿದ್ದದ್ದು ವುಲ್ವರ್‌ಹ್ಯಾಂಪ್ಟನ್ ಹೊರವಲಯದ ಒಂದು ಗೋದಾಮಿನಲ್ಲಿ. ಪೆಟ್ಟಿಗೆಗಳ ಮೇಲೆ ವಿವರವೆಲ್ಲ ಡಚ್ ಭಾಷೆಯಲ್ಲಿ. ಅದನ್ನು ಇಂಗ್ಲಿಷಿಗೆ ತಿರುಗಿಸಿ, ಯಾವ ಸಾಮಾನು ಯಾವ ರ‍್ಯಾಕಿಗೆ ಹೋಗಬೇಕೆಂದು ಗುರುತು ಹಾಕುವ ಕೆಲಸ ನಮ್ಮ ಕಂಪನಿಯದು. ಆ ಕೆಲಸವನ್ನು ವರ್ಷಗಳಿಂದ ಮಾಡಿಕೊಂಡು ಬಂದವರು ಮರೈಕೆ ಎಂಬ ಡಚ್ ಮಹಿಳೆ.

ಮರೈಕೆ ಬಗ್ಗೆ ಒಳ್ಳೆಯ ಮಾತಾಡಬೇಕೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಐವತ್ತೇಳು ವರ್ಷ ವಯಸ್ಸು, ಕತ್ತಿಯ ಹಾಗೆ ನೆಟ್ಟಗಿನ ಬೆನ್ನು, ಅದಕ್ಕಿಂತ ಹರಿತವಾದ ಮೂಗು. ನನ್ನ ಮೇಜಿನಿಂದ ನಾಲ್ಕು ಹೆಜ್ಜೆ ದೂರ ಕೂರುತ್ತಿದ್ದರೂ ಒಂದು ದಿನ ಗುಡ್ ಮಾರ್ನಿಂಗ್ ಹೇಳಿದವರಲ್ಲ. ಟೆಸ್ಟಿಂಗ್ ಎಂದರೆ ಗುಂಡಿ ಒತ್ತುವುದು, ಅದನ್ನು ಕೋತಿಯೂ ಕಲಿಯುತ್ತದೆ ಎಂದು ಒಮ್ಮೆ ನನಗೆ ಕೇಳುವ ಹಾಗೆಯೇ ಹೇಳಿದ್ದರು. ಆದರೆ ಅವರು ಮಾಡಿದ ಕೆಲಸದಲ್ಲಿ ನನಗೆ ಒಂದು ತಪ್ಪೂ ಸಿಕ್ಕಿರಲಿಲ್ಲ. ಹುಡುಕಲಿಲ್ಲವೆಂದಲ್ಲ, ಆಸೆಯಿಂದಲೇ ಹುಡುಕಿದ್ದೆ.

ಆ ವರ್ಷ ವಸಂತದಲ್ಲಿ ನಮಗೆ ಗ್ಯಾವಿನ್ ಎಂಬ ಹೊಸ ಮ್ಯಾನೇಜರ್ ಬಂದ. ಒಳ್ಳೆಯ ಸೂಟು, ಬಿಳಿ ಹಲ್ಲು, ತಲೆಯಲ್ಲಿ ಗಾಳಿ ಬೆಳಕು ಧಾರಾಳ. ಬಂದವನೇ ಖರ್ಚು ಕಡಿಮೆ ಮಾಡುವುದು ಹೇಗೆಂದು ಎಲ್ಲರನ್ನೂ ಕೇಳಿದ. ಉತ್ತರ ಕೊಡಲು ಕೈಯೆತ್ತಿದವನು ನಮ್ಮವನೇ, ಬೆಂಗಳೂರಿನ ಹರೀಶ. ಮೂವತ್ತರ ಹುಡುಗ, ಪ್ರೋಗ್ರಾಮರ್. ದಡ್ಡನಲ್ಲ, ದಡ್ಡನಾಗಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲ. ನನ್ನನ್ನು ಸಾಧಾರಣ ದಿನಗಳಲ್ಲಿ ಮೇಡಂ ಎನ್ನುತ್ತಿದ್ದ, ಏನಾದರೂ ಕೆಲಸ ಆಗಬೇಕಿದ್ದರೆ ಅಕ್ಕಾ ಎನ್ನುತ್ತಿದ್ದ. ನಾನು ಗದಗಿನವಳು. ನಮ್ಮ ಕಡೆ ಅಕ್ಕ ಎನ್ನುವ ಮಾತಿಗೆ ಸ್ವಲ್ಪ ತೂಕವಿದೆ. ಇವನ ಬಾಯಲ್ಲಿ ಅದನ್ನು ಕೇಳಿದಾಗಲೆಲ್ಲ ಕೈಚೀಲ ಭದ್ರ ಮಾಡಿಕೊಳ್ಳೋಣ ಅನ್ನಿಸುತ್ತಿತ್ತು.

ಓದುಗರಿಗೆ ಡಚ್ ಭಾಷೆಯ ಒಂದು ಗುಣ ಇಲ್ಲಿ ಹೇಳಬೇಕು. ಎರಡು ಮೂರು ಪದಗಳನ್ನು ನಡುವೆ ಜಾಗ ಬಿಡದೆ ಸೇರಿಸಿ ಒಂದೇ ಪದ ಮಾಡುವುದು ಆ ಭಾಷೆಯವರಿಗೆ ನೀರು ಕುಡಿದಷ್ಟು ಸಲೀಸು. ಬ್ರಾಂಡ್ ಎಂದರೆ ಡಚ್ಚಿನಲ್ಲಿ ಬೆಂಕಿ, ಉರಿ. ಬ್ರಾಂಡ್‌ಬ್ಲಸ್ಸರ್ ಎಂದರೆ ಬೆಂಕಿ ಆರಿಸುವ ಸಿಲಿಂಡರ್. ಸ್ಲಾಂಗ್ ಎಂದರೆ ಹಾವು, ಬ್ರಾಂಡ್‌ಸ್ಲಾಂಗ್ ಎಂದರೆ ಅಗ್ನಿಶಾಮಕದವರ ನೀರಿನ ಪೈಪು. ನಮ್ಮ ಕನ್ನಡಕ್ಕೂ ಇದು ಹೊಸದೇನಲ್ಲ. ತಲೆ ಎಂಬ ಒಂದು ಪದದಿಂದ ತಲೆನೋವು, ತಲೆದಿಂಬು, ತಲೆಬಾಗಿಲು, ತಲೆಮಾರು, ತಲೆಹರಟೆ ಎಲ್ಲ ಹುಟ್ಟಿಕೊಂಡಿವೆ. ಆಮ್ಲಜನಕ, ಜಲಜನಕ ಎಂದು ಶಾಲೆಯಲ್ಲಿ ಓದಿದವರಿಗೆ, ಡಚ್ಚರು ಆಮ್ಲಜನಕವನ್ನು ಹುಳಿವಸ್ತು, ಜಲಜನಕವನ್ನು ನೀರುವಸ್ತು ಎನ್ನುವುದನ್ನು ಕೇಳಿದರೆ ಆಶ್ಚರ್ಯವೂ ಆಗುವುದಿಲ್ಲ. ಹರೀಶನಿಗೆ ಆಶ್ಚರ್ಯ ಆಗಲಿಲ್ಲ. ಅಹಂಕಾರ ಬಂತು.

"ಇದು ಬರೀ ಸಮಾಸ, ಮೇಡಂ," ಎಂದ ಊಟದ ಹೊತ್ತಿನಲ್ಲಿ. "ಎಸ್ಸೆಸ್ಸೆಲ್ಸೀಲಿ ಕನ್ನಡದಲ್ಲಿ ನಂಗೆ ನೂರಾ ಇಪ್ಪತ್ತೈದಕ್ಕೆ ನೂರಾ ಇಪ್ಪತ್ನಾಲ್ಕು. ಪದ ಬಿಡಿಸೋದಕ್ಕೆ ಆ ಯಮ್ಮನಿಗೆ ಸಂಬಳ ಯಾಕೆ ಕೊಡ್ಬೇಕು ಹೇಳಿ?"

ತತ್ಪುರುಷ ಸಮಾಸದಲ್ಲಿ ಎರಡನೆಯ ಪದದ ಅರ್ಥವೇ ಮುಖ್ಯ ಎಂದು ನಮಗೆ ಗದಗಿನ ಕನ್ನಡ ಶಾಲೆಯಲ್ಲಿ ಕಿವಿ ಹಿಂಡಿ ಹೇಳಿಕೊಟ್ಟಿದ್ದರು. ತಲೆದಿಂಬು ಎನ್ನುವುದು ಒಂದು ಬಗೆಯ ದಿಂಬೇ ಹೊರತು ಒಂದು ಬಗೆಯ ತಲೆಯಲ್ಲ. ನೂರಾ ಇಪ್ಪತ್ನಾಲ್ಕು ತೆಗೆದವನಿಗೆ ಇದು ನೆನಪಿರಬೇಕೆಂದು ನಾನು ಸುಮ್ಮನಾದೆ.

ನೆನಪಿರಲಿಲ್ಲ. ಎರಡು ತಿಂಗಳಲ್ಲಿ ಅವನು ಕಟ್ಟಿದ ಪ್ರೋಗ್ರಾಂ ಡಚ್ ಪದವನ್ನು ಒಡೆದು, ಅದರ ಮೊದಲ ಪದವನ್ನು ಮೂಲವೆಂದು ಹಿಡಿದು, ಒಂದೇ ಮೂಲದ ಪದಗಳನ್ನೆಲ್ಲ ಒಂದು ಕುಟುಂಬ ಮಾಡುತ್ತಿತ್ತು. ಆ ಕುಟುಂಬಕ್ಕೆ ಒಂದು ರ‍್ಯಾಕು. ಇದನ್ನು ಗ್ಯಾವಿನ್‌ಗೆ ಅರ್ಥ ಮಾಡಿಸಲು ಹರೀಶ ಹಿಡಿದ ದಾರಿಯನ್ನು ನಮ್ಮವರಲ್ಲದೆ ಬೇರೆ ಯಾರೂ ಹಿಡಿಯಲು ಸಾಧ್ಯವಿರಲಿಲ್ಲ. ಪರದೆಯ ಮೇಲೆ ಆಲದ ಮರದ ಚಿತ್ರ ಹಾಕಿ, ನಮ್ಮ ದೇಶದಲ್ಲಿ ಪ್ರತಿ ಮನೆತನಕ್ಕೂ ಗೋತ್ರವೆಂಬುದಿದೆ, ಒಬ್ಬನೇ ಋಷಿಯಿಂದ ಇಳಿದು ಬಂದವರೆಲ್ಲ ಒಂದು ಗೋತ್ರ, ಹಾಗೆಯೇ ಪದಗಳಿಗೂ ಗೋತ್ರ ಇದೆ ಎಂದು ವಿವರಿಸಿದ. ಗ್ಯಾವಿನ್ ಕಣ್ಣರಳಿಸಿ ಕೇಳಿದ. ಸಾವಿರಾರು ವರ್ಷದ ಭಾರತೀಯ ಜ್ಞಾನ ತನ್ನ ಬಜೆಟ್ ಉಳಿಸುವುದಕ್ಕೆ ಸಾಲ್ಫರ್ಡ್‌ವರೆಗೆ ನಡೆದು ಬಂದಿದೆ ಎಂದು ಅವನಿಗೆ ಅನ್ನಿಸಿರಬೇಕು. ಅಲ್ಲೇ ಆ ಪ್ರೋಗ್ರಾಂಗೆ ಗೋತ್ರ ಎಂಜಿನ್ ಎಂದು ಹೆಸರಿಟ್ಟ. ಆಫೀಸಿನ ಇಂಗ್ಲಿಷರೆಲ್ಲ ಮರುದಿನದಿಂದ ಗೊಟ್ರಾ, ಗೊಟ್ರಾ ಎಂದು ಓಡಾಡತೊಡಗಿದರು. ನಮ್ಮ ಮನೆಯಲ್ಲಿ ಗೋತ್ರ ಕೇಳುವವರೇ ಇರಲಿಲ್ಲ, ಆದರೂ ನನಗೆ ನಾಚಿಕೆಯಾಯಿತು.

ಅದೇ ವಾರ ಮರೈಕೆಗೆ ನೋಟಿಸ್ ಕೊಟ್ಟರು. ಎಂಜಿನ್‌ಗೆ ನನ್ನ ಸೈನ್-ಆಫ್ ಬಿದ್ದರೆ ತಿಂಗಳ ಕೊನೆಗೆ ಅವರ ಕೆಲಸ ಮುಗಿಯಿತು. ಆ ವಯಸ್ಸಿನಲ್ಲಿ, ಇಂಗ್ಲೆಂಡಿನ ಉತ್ತರದಲ್ಲಿ, ಡಚ್ ಅನುವಾದದ ಇನ್ನೊಂದು ಕೆಲಸ ಎಲ್ಲಿಂದ ಸಿಗಬೇಕು? ಗಂಡ ತೀರಿಕೊಂಡಿದ್ದರು, ಮನೆಯ ಮಾರ್ಟ್‌ಗೇಜ್ ಸಾಲ ಇನ್ನೂ ತೀರಿರಲಿಲ್ಲ. ಇದನ್ನೆಲ್ಲ ನನಗೆ ಬೇರೆಯವರು ಹೇಳಿದರು, ಅವರು ಹೇಳಲಿಲ್ಲ. ನೋಟಿಸ್ ಬಂದ ದಿನವೂ ಬೆನ್ನು ಹಾಗೆಯೇ ನೆಟ್ಟಗಿತ್ತು. ಎಂಜಿನ್ ಮಾಡಿದ ಕೆಲಸವನ್ನು ನೋಡಿದ್ದೀರಾ ಎಂದು ನಾನೇ ಹೋಗಿ ಕೇಳಿದೆ. ತಮಗೆ ಯಾರೂ ತೋರಿಸಿಲ್ಲ, ತೋರಿಸಿ ಎಂದು ತಾವು ಬೇಡುವುದೂ ಇಲ್ಲ ಎಂದು ಹೇಳಿ ಕಿಟಕಿಯ ಕಡೆ ತಿರುಗಿಕೊಂಡರು. ನನಗೆ ಸಿಟ್ಟು ಬಂತು. ಮುಳುಗುವವಳಿಗೆ ಕೈ ಚಾಚಿದರೆ ಕೈ ತೊಳೆದಿದ್ದೀಯಾ ಎಂದು ಕೇಳುವ ಪೈಕಿ.

ಎಂಜಿನ್ ಅನ್ನು ಮೂರು ವಾರ ವುಲ್ವರ್‌ಹ್ಯಾಂಪ್ಟನ್ ಗೋದಾಮಿನಲ್ಲಿ ಪ್ರಯೋಗಕ್ಕೆ ಹಾಕಿದರು. ಆಫೀಸಿನಲ್ಲಿ ನಾನು ಮಾಡಿದ ಪರೀಕ್ಷೆಯಲ್ಲಿ ಅದು ಪಾಸಾಗಿತ್ತು. ಆಗದೆ ಏನು? ಪರೀಕ್ಷೆಗೆ ಹಾಕಬೇಕಾದ ಪದಗಳನ್ನೂ ಹರೀಶನೇ ಆರಿಸಿದ್ದ, ಬೇರೆ ಪದ ಕೊಡಿ ಎಂದರೆ ಸಮಯವಿಲ್ಲ ಎಂದು ಗ್ಯಾವಿನ್ ಹೇಳುತ್ತಿದ್ದ. ಪ್ರಶ್ನೆಪತ್ರಿಕೆ ತಾನೇ ಬರೆದು ತಾನೇ ಉತ್ತರಿಸಿ ತಾನೇ ಬೆನ್ನು ತಟ್ಟಿಕೊಳ್ಳುವವನಿಗೆ ಯಾವ ಪರೀಕ್ಷೆ ಕಷ್ಟ? ನಾನು ಸಹಿ ಹಾಕದೆ ಎಳೆದೆ. ಗೋದಾಮಿನ ವರದಿ ಬರಲಿ ಎಂದೆ.

ವರದಿ ಬಂತು. ಗೋದಾಮಿನ ಮೇಲ್ವಿಚಾರಕ ಟ್ರೆವರ್ ಎಂಬುವನು ಬರೆದಿದ್ದ. ಹೊಸ ವ್ಯವಸ್ಥೆ ಅದ್ಭುತ, ಕೆಲಸಗಾರರೆಲ್ಲ ಬಹಳ ಸಂತೋಷವಾಗಿದ್ದಾರೆ, ಹಳೆಯ ಪದ್ಧತಿಗೆ ಮರಳುವುದು ಯಾರಿಗೂ ಇಷ್ಟವಿಲ್ಲ. ಗ್ಯಾವಿನ್ ಅದನ್ನು ಎಲ್ಲರಿಗೂ ಓದಿ ಹೇಳಿದ. ಹರೀಶ ನನ್ನ ಮೇಜಿನ ಹತ್ತಿರ ಬಂದು, "ಅಕ್ಕಾ, ಇನ್ನೇನು, ಒಂದು ಸೈನ್ ಹಾಕ್ಬಿಡಿ," ಎಂದ.

ನನ್ನ ಮನಸ್ಸಿನಲ್ಲಿ ಅಳುಕು ಹುಟ್ಟಿದ್ದು ಆ ವರದಿಯಿಂದಲೇ. ಗೋದಾಮಿನವರ ಜೊತೆ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ಹುಬ್ಬಳ್ಳಿಯಲ್ಲಾಗಲಿ, ಲೀಡ್ಸ್‌ನಲ್ಲಾಗಲಿ, ಹೊಸ ಸಾಫ್ಟ್‌ವೇರ್ ಚೆನ್ನಾಗಿದೆ ಎಂದು ಹೇಳಿದ ಒಬ್ಬನೇ ಒಬ್ಬ ಗೋದಾಮಿನವನನ್ನು ನಾನು ಕಂಡಿರಲಿಲ್ಲ. ಬೈಯುವುದು ಅವರ ಜನ್ಮಸಿದ್ಧ ಹಕ್ಕು. ಬೈಯುವವರು ಹೊಗಳಿದರೆ ಅಲ್ಲಿ ಏನೋ ಇದೆ ಎಂದೇ ಅರ್ಥ.

ಮುಂದಿನ ಬುಧವಾರ ಡಚ್ ಸಂಸ್ಥೆಯ ಪ್ರತಿನಿಧಿ ವಿಲಂ ಎಂಬುವರು ಗೋದಾಮಿಗೇ ಬರುವವರಿದ್ದರು. ಟ್ರೆವರ್‌ನ ಕೋಣೆಯಲ್ಲಿ ಸ್ಲೈಡು ತೋರಿಸಿ, ಅವರೆದುರಿಗೇ ನನ್ನ ಕೈಯಿಂದ ಸಹಿ ಹಾಕಿಸುವುದು ಗ್ಯಾವಿನ್‌ನ ಯೋಜನೆ. ಗ್ರಾಹಕರ ಮುಂದೆ ಈ ಹೆಂಗಸು ತಗಾದೆ ತೆಗೆಯುವುದಿಲ್ಲವೆಂದು ಲೆಕ್ಕ ಹಾಕಿದ್ದ. ವಿಲಂ, ಹರೀಶ ಇಬ್ಬರೂ ಗ್ಯಾವಿನ್‌ನ ಕಾರಿನಲ್ಲಿ ಬರುವವರಿದ್ದರು. ನಾನು ಸ್ಟಾಕ್‌ಪೋರ್ಟ್‌ನಿಂದ ರೈಲು ಹಿಡಿದು ಒಂದು ಗಂಟೆ ಮೊದಲೇ ಹೋದೆ.

ಟ್ರೆವರ್ ಟೀ ಕೊಟ್ಟು ಕೋಣೆಯಲ್ಲೇ ಕೂರಿಸಲು ನೋಡಿದ. ಟೀ ಕುಡಿದು ಎದ್ದೆ. ರ‍್ಯಾಕುಗಳ ನಡುವೆ ನಡೆಯುತ್ತಾ ಬ್ರಾಂಡ್ ಎಂಬ ಹೆಸರು ತೂಗುಹಾಕಿದ್ದ ಸಾಲಿಗೆ ಬಂದಾಗ ನನ್ನ ಕಾಲು ತಾನಾಗಿ ನಿಂತಿತು.

ಮೇಲಿನ ಹಲಗೆಯಲ್ಲಿ ಬೆಂಕಿ ಆರಿಸುವ ಸಿಲಿಂಡರುಗಳು, ಪಕ್ಕದಲ್ಲಿ ನೀರಿನ ಪೈಪುಗಳು. ಸರಿ. ಅದರ ಕೆಳಗೆ ಕಟ್ಟು ಕಟ್ಟಾಗಿ ಬ್ರಾಂಡ್‌ಹೌಟ್, ಅಂದರೆ ಸೌದೆ. ಸೌದೆಯ ಪಕ್ಕದಲ್ಲಿ ಬ್ರಾಂಡ್‌ಸ್ಟೊಫ್ ಎಂದು ಬರೆದ ಡಬ್ಬಿಗಳು. ಸ್ಟೊಫ್ ಎಂದರೆ ವಸ್ತು, ಉರಿಯುವ ವಸ್ತು, ಅಂದರೆ ಒಲೆಗೆ ಹಾಕುವ ಎಣ್ಣೆ. ಅದನ್ನು ಹೊರಗಡೆ ಪ್ರತ್ಯೇಕವಾದ ಕಬ್ಬಿಣದ ಪಂಜರದಲ್ಲಿ ಇಡಬೇಕೆಂಬುದು ಗೋದಾಮಿನ ಮೊದಲ ನಿಯಮ. ಮರೈಕೆ ಗುರುತು ಹಾಕುತ್ತಿದ್ದಾಗ ಅದು ಎಂದೂ ಒಳಗೆ ಬಂದಿರಲಿಲ್ಲ. ಈಗ ಸೌದೆಗೆ ಒರಗಿಕೊಂಡು ಕೂತಿತ್ತು. ಅದರ ಕೆಳಗೆ ಸುಟ್ಟಗಾಯಕ್ಕೆ ಹಚ್ಚುವ ಮುಲಾಮು. ಅದರ ಪಕ್ಕದಲ್ಲಿ ಬ್ರಾಂಡ್‌ನೇಟಲ್ ಟೀ. ಮುಟ್ಟಿದರೆ ಮೈ ಉರಿಯುವ ತುರಿಕೆ ಗಿಡವೊಂದಿದೆಯಲ್ಲ, ಅದರ ಎಲೆಯ ಕಷಾಯ. ಗೋತ್ರ ಒಂದೇ ತಾನೇ.

ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿ ಬ್ರಾಂಡೆವೈನ್. ಹೆಸರನ್ನು ಬಿಡಿಸಿದರೆ ಸುಟ್ಟ ದ್ರಾಕ್ಷಾರಸ, ಬಾಟಲಿ ನೋಡಿದರೆ ಬ್ರಾಂದಿ. ಇಂಗ್ಲೆಂಡಿನಲ್ಲಿ ಸುಂಕ ಕಟ್ಟದ ಮದ್ಯವನ್ನು ಬೀಗ ಹಾಕಿದ ಕೋಣೆಯಲ್ಲೇ ಇಡಬೇಕು, ಬೀಗದ ಕೈ ಒಬ್ಬರ ಬಳಿ ಇರಬೇಕು. ಬೆಂಕಿ ಆರಿಸುವ ಸಾಮಾನಿನ ರ‍್ಯಾಕಿಗೆ ಮಾತ್ರ ಆ ಗೋದಾಮಿನಲ್ಲಿ ಬೀಗವೇ ಇರಲಿಲ್ಲ, ಹೊತ್ತಿಗೆ ಕೈಗೆ ಸಿಗಲೆಂದು. ಹೀಗೆ ಹರೀಶನ ಎಂಜಿನ್ ಗೋದಾಮಿನ ಬ್ರಾಂದಿಯನ್ನೆಲ್ಲ ಬೀಗದ ಕೋಣೆಯಿಂದ ತಪ್ಪಿಸಿ, ಬಾಗಿಲಿಲ್ಲದ ರ‍್ಯಾಕಿನಲ್ಲಿ, ಬಗ್ಗಿದರೆ ಕೈಗೆ ಸಿಗುವ ಎತ್ತರದಲ್ಲಿ ಇಟ್ಟಿತ್ತು. ಪೆಟ್ಟಿಗೆಗಳು ಮುಂದಿನಿಂದ ತುಂಬಿದ ಹಾಗೇ ಕಾಣುತ್ತಿದ್ದವು. ಒಂದನ್ನು ಎಳೆದೆ, ಹಗುರವಾಗಿ ಬಂತು. ಇನ್ನೊಂದನ್ನು ಎಳೆದೆ, ಅದೂ ಹಗುರ.

ಹೊಸ ವ್ಯವಸ್ಥೆ ಅದ್ಭುತ. ಕೆಲಸಗಾರರೆಲ್ಲ ಬಹಳ ಸಂತೋಷವಾಗಿದ್ದಾರೆ.

ಟ್ರೆವರ್ ಹಿಂದೆ ಬಂದು ನಿಂತಿದ್ದ. ಎಣ್ಣೆಯ ಡಬ್ಬಿ ಸೌದೆಯ ಪಕ್ಕ ಇರುವುದು ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದೆ. ಕಂಪ್ಯೂಟರ್ ಪರದೆ ಹೇಳಿದ ಜಾಗದಲ್ಲಿ ಇಡುವುದಷ್ಟೇ ತನ್ನ ಕೆಲಸ ಎಂದ. ಬ್ರಾಂದಿಯ ಮಾತೆತ್ತಿದಾಗ ಚಾವಣಿಯ ಕಡೆ ನೋಡಿದ. ಮೊದಲು ಆ ಡಬ್ಬಿಗಳನ್ನು ಹೊರಗೆ ಹಾಕಿಸು ಎಂದೆ. ಅದಕ್ಕೂ ಪರದೆ ಹೇಳಬೇಕು ಎಂದು ಅವನು ಶುರುಮಾಡುವಷ್ಟರಲ್ಲಿ ಕಾರು ಬಂತು.

ಗ್ಯಾವಿನ್ ಸ್ಲೈಡು ಹಚ್ಚಲು ನೇರವಾಗಿ ಕೋಣೆಗೆ ಹೊರಟ. ಸಹಿ ಹಾಕಲು ಸಿದ್ಧವಾಗಿಯೇ ಬಂದಿದ್ದೇನೆ, ಆದರೆ ರ‍್ಯಾಕಿನ ಮುಂದೆ ನಿಂತು ಹಾಕುತ್ತೇನೆ ಎಂದೆ. ಪೆನ್ನು ಕೈಯಲ್ಲೇ ಹಿಡಿದಿದ್ದೆ. ಅವನಿಗೆ ಖುಷಿಯಾಯಿತು. ಎಲ್ಲರನ್ನೂ ಕರೆದುಕೊಂಡು ನನ್ನ ಹಿಂದೆ ಬಂದ.

ವಿಲಂ ಗಂಭೀರವಾದ ಮನುಷ್ಯ, ಅರವತ್ತರ ಸಮೀಪ. ರ‍್ಯಾಕನ್ನು ಮೇಲಿನಿಂದ ಕೆಳಗೆ ಓದಿದರು. ಡಚ್ ಅವರ ಮನೆಮಾತು, ಓದಲು ಎಂಜಿನ್ ಬೇಕಿರಲಿಲ್ಲ. ಬಗ್ಗಿ ಒಂದು ಬ್ರಾಂದಿ ಪೆಟ್ಟಿಗೆಯನ್ನು ಎತ್ತಿದರು, ಹಗುರವಾಗಿ ಬಂದದ್ದನ್ನು ನೋಡಿ ಮೆಲ್ಲಗೆ ಕೆಳಗಿಟ್ಟರು. ನಾನು ಪೆನ್ನಿಗೆ ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿದೆ. ಗ್ಯಾವಿನ್ ಅದನ್ನು ನೋಡಿದ.

ಹರೀಶ ನನ್ನ ಹತ್ತಿರ ಸರಿದು ಬಂದ. "ಡೇಟಾ ಇಶ್ಯೂ ಇರ್ಬೇಕು ಅಕ್ಕಾ, ಲಾಜಿಕ್ ಕರೆಕ್ಟಾಗೇ ಇದೆ," ಎಂದು ಪಿಸುಗುಟ್ಟಿದ.

ಆಫೀಸಿನಲ್ಲಿ ನಾನು ಎಲ್ಲರಿಗೂ ಒಪ್ಪುವ ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದೆ. ಅವತ್ತು ಗದಗಿನದೇ ಬಂತು. "ಒಂದ ಗೋತ್ರದಾಗ ಲಗ್ನಾನೂ ಮಾಡೂದಿಲ್ಲಲೋ ನೀವು. ಎಣ್ಣಿಗೂ ಕಟಗಿಗೂ ಒಂದ ಮನ್ಯಾಗ ಸಂಸಾರ ಹೂಡಿ ಕೊಟ್ಟೀಯಲ್ಲ, ಹೊತ್ತಿ ಉರದ್ರ ಈ ಕೆಲಸಗಾರರ ಮಕ್ಕಳನ್ನ ಯಾರು ಸಾಕಬೇಕು?"

ವಿಲಂಗೆ ಕನ್ನಡ ತಿಳಿಯದಿದ್ದರೂ ನಾನು ಏನು ಹೇಳಿದೆನೆಂದು ತಿಳಿದಂತೆ ಕಂಡಿತು. ಎಣ್ಣೆಯ ಡಬ್ಬಿಗಳನ್ನು ಈಗಲೇ, ತಮ್ಮ ಕಣ್ಣೆದುರಿಗೇ ಹೊರಗೆ ಹಾಕಬೇಕೆಂದರು. ಗ್ಯಾವಿನ್ ಟ್ರೆವರ್‌ನ ಕಡೆ ನೋಡಿದ, ಟ್ರೆವರ್ ಪರದೆಯ ಕಡೆ ನೋಡಿದ. ಕೊನೆಗೆ ಗ್ಯಾವಿನ್ ಕೋಟು ಬಿಚ್ಚಿ, ಹರೀಶ ತೋಳು ಮಡಿಸಿ, ಇಬ್ಬರೂ ಡಬ್ಬಿ ಹೊತ್ತರು. ನಾನು ಬಾಗಿಲು ಹಿಡಿದುಕೊಂಡು ನಿಂತೆ. ಸುಳ್ಳೇಕೆ ಹೇಳಲಿ, ಇಂಗ್ಲೆಂಡಿನಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟ ದೃಶ್ಯಗಳು ಕಡಿಮೆ.

ಆದರೆ ಅದು ಒಂದು ರ‍್ಯಾಕಿನ ಕಥೆ. ಮೂರು ವಾರದಲ್ಲಿ ಬಂದ ಸಾಮಾನೆಲ್ಲ ಗೋತ್ರದ ಪ್ರಕಾರವೇ ಹಂಚಿಹೋಗಿತ್ತು. ಯಾವುದು ಎಲ್ಲಿದೆ, ಯಾವುದರ ಪಕ್ಕ ಯಾವುದು ಕೂತಿದೆ ಎಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಪ್ರತಿ ಪೆಟ್ಟಿಗೆಯ ಹೆಸರನ್ನೂ ಓದಿ ಮುಗಿಸುವ ತನಕ ಗೋದಾಮು ಮುಚ್ಚಿರಲಿ ಎಂದರು ವಿಲಂ. ನೀವೇ ಸ್ವಲ್ಪ ಓದಿ ಹೇಳಬಹುದೇ ಎಂದು ಗ್ಯಾವಿನ್ ಹಲ್ಲುಬಿಟ್ಟು ಕೇಳಿದ. ತಾನು ಅತಿಥಿ, ನೌಕರನಲ್ಲ, ಅಲ್ಲದೆ ನಿಮ್ಮ ಬಳಿ ಎಂಜಿನ್ ಇದೆಯಲ್ಲ ಎಂದು ಅವರು ಟ್ರೆವರ್‌ನ ಕುರ್ಚಿಯಲ್ಲಿ ಕೂತರು.

ಗ್ಯಾವಿನ್ ಮೇಜಿನ ಮೇಲಿದ್ದ ಫೋನಿನಿಂದ ಸಾಲ್ಫರ್ಡ್‌ಗೆ ಕರೆ ಮಾಡಿದ. ಕೈಯೆಲ್ಲ ಎಣ್ಣೆಯ ಜಿಡ್ಡಾಗಿದ್ದರಿಂದ ಸ್ಪೀಕರ್ ಗುಂಡಿ ಒತ್ತಿ ಮಾತಾಡಿದ. ಹಾಗಾಗಿ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಸಣ್ಣದೊಂದು ತೊಡಕಾಗಿದೆ, ಕೆಲವು ಹೆಸರುಗಳನ್ನು ಓದಿ ಹೇಳುತ್ತೇವೆ, ದಯವಿಟ್ಟು ಅರ್ಥ ಹೇಳುತ್ತಾ ಹೋಗಿ ಎಂದು ಬೆಣ್ಣೆ ಸವರಿದ.

"ಮಿಸ್ಟರ್ ಗ್ಯಾವಿನ್," ಎಂದಿತು ಮರೈಕೆಯ ದನಿ, "ನನ್ನ ನೋಟಿಸ್ ರದ್ದಾಗಿದೆ ಎಂದು ಎಚ್‌ಆರ್‌ನಿಂದ ಇಮೇಲ್ ಬರಲಿ. ಬಂದ ಮೇಲೆ ಮತ್ತೆ ಫೋನ್ ಮಾಡಿ."

ಫೋನ್ ಕಟ್ಟಾಯಿತು. ವಿಲಂ ಕಿಟಕಿಯಾಚೆ ನೋಡುತ್ತಾ, ಆಕೆಯನ್ನು ತೆಗೆಯುತ್ತಿದ್ದೀರೆಂದು ನಮಗೆ ನೀವು ಹೇಳಿರಲಿಲ್ಲ ಎಂದಷ್ಟೇ ಹೇಳಿದರು. ಗ್ಯಾವಿನ್ ಮೊಬೈಲ್ ಹಿಡಿದು ಅಂಗಳಕ್ಕೆ ಹೋದ. ಅವನು ಅಲ್ಲಿ ಯಾರ ಕಾಲು ಹಿಡಿದನೋ, ಊಟದ ಹೊತ್ತಿನೊಳಗೆ ಇಮೇಲ್ ಹೋಯಿತು. ಆಮೇಲೆ ಸಂಜೆಯವರೆಗೆ ಹರೀಶ ರ‍್ಯಾಕಿನ ಮುಂದೆ ನಿಂತು ಒಂದೊಂದೇ ಹೆಸರನ್ನು ಅಕ್ಷರ ಅಕ್ಷರವಾಗಿ ಕೂಗುವುದು, ಟ್ರೆವರ್ ಅದನ್ನು ಫೋನಿಗೆ ಒಪ್ಪಿಸುವುದು, ಆ ಕಡೆಯಿಂದ ಮರೈಕೆ ಒಂದೇ ಪದದಲ್ಲಿ ಉತ್ತರ ಕೊಡುವುದು ನಡೆಯಿತು. ಎಲ್ಲಿಯೂ ಅವರು ಒಂದು ಪದ ಹೆಚ್ಚಿಗೆ ಖರ್ಚು ಮಾಡಲಿಲ್ಲ.

ಮುಂದೇನಾಯಿತೆಂದು ಕೇಳುವವರಿಗೆ ಹೇಳುತ್ತೇನೆ. ಗ್ಯಾವಿನ್ ಆರು ತಿಂಗಳಲ್ಲಿ ಲೀಡ್ಸ್‌ನ ಬೇರೊಂದು ಕಂಪನಿಗೆ ಇನ್ನೂ ದೊಡ್ಡ ಹುದ್ದೆಗೆ ಹೋದ. ಇಂಥವರು ಯಾವತ್ತೂ ಮೇಲಕ್ಕೇ ಬೀಳುತ್ತಾರೆ. ಗೋತ್ರ ಎಂಜಿನ್ ಹೆಸರು ನಮ್ಮ ಕಂಪನಿಯ ಬ್ರೋಷರ್‌ನಲ್ಲಿ ಬಹಳ ಕಾಲ ಉಳಿಯಿತು, ಗೋದಾಮಿನಲ್ಲಿ ಮಾತ್ರ ಉಳಿಯಲಿಲ್ಲ. ಹರೀಶ ಅದರ ಬಗ್ಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಭಾಷಣವನ್ನೂ ಮಾಡಿ ಬಂದನಂತೆ, ಆಲದ ಮರದ ಸ್ಲೈಡು ಸಮೇತ. ನನ್ನನ್ನು ಮಾತ್ರ ಮತ್ತೆ ಅಕ್ಕಾ ಎನ್ನಲಿಲ್ಲ. ಅದೊಂದು ಲಾಭ.

ಮರೈಕೆ ತಮ್ಮ ಕೆಲಸದಲ್ಲಿ ನಿವೃತ್ತಿಯವರೆಗೂ ಇದ್ದರು. ನನಗೆ ಧನ್ಯವಾದ ಹೇಳಲಿಲ್ಲ, ಗುಡ್ ಮಾರ್ನಿಂಗ್ ಕೂಡ ಹೇಳಲಿಲ್ಲ. ಒಮ್ಮೆ, ಅದಾಗಿ ಎರಡು ವಾರದ ಮೇಲೆ, ಟ್ರಾಮ್‌ಗೆ ಕಾಯುವಾಗ ಪಕ್ಕದಲ್ಲಿ ಬಂದು ನಿಂತರು. ಹಳಿಯ ಕಡೆ ನೋಡುತ್ತಲೇ, "ಮಿಸೆಸ್ ಪಾಟೀಲ, ಬಾಟಲಿ ಎಷ್ಟು ಉಳಿದಿದ್ದವು?" ಎಂದು ಕೇಳಿದರು. ಎರಡೇ ಎರಡು ಎಂದೆ. ಆ ಹರಿತವಾದ ಮೂಗಿನ ಕೆಳಗೆ ತುಟಿ ಸ್ವಲ್ಪ ಅಲುಗಿತು. ನಗುವೇ ಇರಬೇಕು. ಅವರ ಮೇಲಿನ ನನ್ನ ಸಿಟ್ಟು ಅಂದಿಗೆ ಇಳಿಯಿತು ಎಂದರೆ ಅದೂ ಸುಳ್ಳು. ಆದರೆ ಆ ನೆಟ್ಟಗಿನ ಬೆನ್ನು ಮರುದಿನವೂ ನಾಲ್ಕು ಹೆಜ್ಜೆ ದೂರದ ಮೇಜಿನಲ್ಲಿ ಇರುತ್ತದೆ ಎನ್ನುವುದು ನನಗೆ ಸಮಾಧಾನ ಕೊಟ್ಟಿತು.

ಆಮೇಲೂ ಹಲವು ವರ್ಷ ನಾನು ಅದೇ ಕೆಲಸ ಮಾಡಿದೆ. ದೂರು ಬಂದರೆ ನನ್ನ ಮೇಜಿನಲ್ಲೇ ಕೂತು ಓದುತ್ತಿದ್ದೆ, ದೂರಿನಲ್ಲಿ ಸಾಮಾನ್ಯವಾಗಿ ಸತ್ಯವೇ ಇರುತ್ತದೆ. ಹೊಗಳಿಕೆ ಬಂದ ದಿನ ಮಾತ್ರ ರೈಲು ಹತ್ತಿ ಗೋದಾಮಿಗೇ ಹೋಗುತ್ತಿದ್ದೆ. ಹೋಗಿ ಮೊದಲು ಎಲ್ಲಕ್ಕಿಂತ ಕೆಳಗಿನ ಹಲಗೆಯ ಪೆಟ್ಟಿಗೆಯನ್ನು ಎಳೆದು, ತೂಕ ನೋಡುತ್ತಿದ್ದೆ.